ಮುಂದಿನ ಸೈಕಲ್ಲು

ವರ್ಷಕ್ಕೊಮ್ಮೆ ಎಂಬತ್ತು ಕಿಲೋಮೀಟರು ಸೈಕಲ್ಲು ತುಳಿದರೆ ಸಮಾಜ ಬದಲಾಗುತ್ತದೆ ಎಂದು ಅಲ್ಪವಿರಾಮ ನಂಬಿರಲಿಲ್ಲ. ಆದರೆ ಸಾಲಿನ ಮುಂದೆ ತಾನಿಲ್ಲದಿದ್ದರೆ ಅದು ಖಂಡಿತ ಬದಲಾಗುವುದಿಲ್ಲ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

ಅವನು ಛಾಪಖಾನೆಯಲ್ಲಿ ಕರಡು ತಿದ್ದುವವನು. ಒಂದು ಅಲ್ಪವಿರಾಮಕ್ಕಾಗಿ ಮಾಲೀಕನೊಂದಿಗೆ ಎರಡು ದಿನ ಜಗಳ ಕಾದ ಮೇಲೆ ಓದುಕೂಟದವರು ಆ ಹೆಸರಿಟ್ಟರು. ಈಗ ಮನೆಯವರೂ ಹಾಗೇ ಕರೆಯುತ್ತಾರೆ. ಕೂಟ ಸೇರುವುದು ಛಾಪಖಾನೆಯ ಹಿಂದಿನ ಉಗ್ರಾಣದಲ್ಲಿ, ಕಾಗದದ ಕಟ್ಟುಗಳ ಮೇಲೆ ಕೂತು. ಹದಿಮೂರು ಜನ ಓದುತ್ತಾರೆ, ಹದಿಮೂರು ಜನ ಮಾತಾಡುತ್ತಾರೆ. ಅದರಲ್ಲಿ ಹನ್ನೆರಡು ಜನರ ಪಾಲಿನ ಮಾತು ಅವನೊಬ್ಬನದೇ.

ಕೂಟದ ವಾರ್ಷಿಕ ಸವಾರಿಯ ದಾರಿ ಬದಲಾಗುವುದಿಲ್ಲ. ಮುಚ್ಚಿದ ನೂಲಿನ ಗಿರಣಿಯ ಗೇಟಿನಿಂದ ಕಾರ್ಮಿಕ ಕಚೇರಿಯ ಮೆಟ್ಟಿಲವರೆಗೆ. ನಲವತ್ತು ವರ್ಷದ ಹಿಂದೆ ಗಿರಣಿಯ ಹೆಂಗಸರು ಕುಡಿಯುವ ನೀರು, ಕಕ್ಕಸು, ಹೆರಿಗೆ ರಜೆ ಬೇಕೆಂದು ಇದೇ ದಾರಿಯಲ್ಲಿ ಮೂರು ದಿನ ನಡೆದಿದ್ದರು. ಕಕ್ಕಸಿಗೆ ಜಾಗವೆಲ್ಲಿದೆ ಎಂದು ಆಗ ಕೇಳಿದ್ದ ಮಾಲೀಕರ ಮನೆತನವೇ ಈಗ ಹನ್ನೆರಡು ಎಕರೆ ಮಾರಾಟಕ್ಕಿದೆ ಎಂದು ಗೇಟಿಗೆ ಫಲಕ ತೂಗುಹಾಕಿದೆ. ಅಂದು ಹೊರಟವರು ನೂರಾ ಹನ್ನೊಂದು, ಮುಟ್ಟಿದವರೂ ನೂರಾ ಹನ್ನೊಂದು. ಗುಟ್ಟು ಇಷ್ಟೇ: ಎಲ್ಲರಿಗಿಂತ ನಿಧಾನದವಳನ್ನು ಮುಂದೆ ಬಿಟ್ಟರು, ಅವಳನ್ನು ಯಾರೂ ದಾಟಲಿಲ್ಲ. ಬಾತ ಪಾದ ಎಳೆಯುತ್ತ ಮುಂದೆ ನಡೆದ ಆ ಹೆಂಗಸು ಅಲ್ಪವಿರಾಮನ ಹೆಂಡತಿಯ ತಾಯಿ. ಈಗಿಲ್ಲ. ಅವಳ ಬಾಯಿಂದ ಕೇಳಿ ಬರೆದುಕೊಂಡದ್ದನ್ನು ಅವನೇ ಪುಸ್ತಿಕೆ ಮಾಡಿದ್ದ. ಸವಾರಿಯ ನಿಯಮವನ್ನೂ ಅದರಿಂದಲೇ ತೆಗೆದಿದ್ದ. ಅತಿ ನಿಧಾನದವರು ಮುಂದೆ, ಯಾರೂ ದಾಟಕೂಡದು. ಮುಂದಿನ ಜಾಗ ಬಲಿಷ್ಠರದ್ದಲ್ಲ ಎಂದು ಪ್ರತಿವರ್ಷ ಗೇಟಿನ ಮುಂದೆ ನಿಂತು ಇಪ್ಪತ್ತು ನಿಮಿಷ ಭಾಷಣ ಮಾಡಿ, ಈಚಿನ ವರ್ಷಗಳಲ್ಲಿ ತಾನೇ ಹೋಗಿ ಮುಂದೆ ನಿಲ್ಲುತ್ತಿದ್ದ.

ಮೊದಮೊದಲು ಮುಂದೆ ಇರುತ್ತಿದ್ದವರು ನಿವೃತ್ತ ಅಂಚೆಯಮ್ಮ. ಮೂರು ವರ್ಷದ ಹಿಂದೆ ಅವರು, ನೀವೇ ಮುಂದಿರಿ, ದಾರಿ ನಿಮಗೆ ಚೆನ್ನಾಗಿ ಗೊತ್ತು ಅಂದರು. ಕಣ್ಣುಮುಚ್ಚಿ ಹೋಗಬಹುದಾದ ದಾರಿಗೆ ಮಾರ್ಗದರ್ಶಕ ಯಾಕೆ ಬೇಕು ಎಂದು ಅವನು ಕೇಳಿಕೊಳ್ಳಲಿಲ್ಲ. ಮರ್ಯಾದೆ ಕೊಟ್ಟಾಗ ಅದರ ಕರಡು ಯಾರು ತಿದ್ದುತ್ತಾರೆ?

ಈ ಸಲ ಅರ್ಧದಾರಿಯ ಚಹಾದಂಗಡಿಯಲ್ಲಿ ಅವನು ತನ್ನ ಹೊಸ ಲೇಖನ ಓದಿದ. ಸಪಾಟು ರಸ್ತೆಯಲ್ಲಿ ಬೆನ್ನ ಹಿಂದಿನಿಂದ ಬರುವ ಹನ್ನೆರಡು ಸೈಕಲ್ಲುಗಳ ಟಿಕ್ ಟಿಕ್ ಸದ್ದು ದುಡಿಯುವ ಕಾಲುಗಳ ಒಕ್ಕೊರಲು ಎಂಬುದು ಅದರ ತಿರುಳು. ಓದಿ ಮುಗಿಸಿ, ಚಪ್ಪಾಳೆ ಬೇಡವೆಂಬಂತೆ ಕೈಯೆತ್ತಿದ. ಯಾರೂ ತಟ್ಟಿರಲಿಲ್ಲ.

ಸೈಕಲ್ ರಿಪೇರಿಯವನು ಕೂಟಕ್ಕೆ ಬಂದು ಎರಡೇ ತಿಂಗಳು, ಇದು ಅವನ ಮೊದಲ ಸವಾರಿ. ಪಾಪ, ಬಾಯಿ ಬಿಗಿಹಿಡಿಯಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಸಾರ್, ಒಂದು ಸಣ್ಣ ತಿದ್ದುಪಡಿ" ಅಂದ. "ಆ ಸದ್ದು ಫ್ರೀವೀಲಿಂದು. ತುಳಿಯೋವಾಗ ಬರಲ್ಲ, ಕಾಲು ನಿಲ್ಸಿದಾಗಷ್ಟೇ ಬರೋದು."

"ಸಪಾಟು ರಸ್ತೇಲಿ ಕಾಲು ಯಾಕೆ ನಿಲ್ಲಿಸ್ತಾರಪ್ಪ?"

"ಮುಂದಿನ ಗಾಡಿಗೆ ಗುದ್ದಬಾರ್ದಲ್ಲ ಸಾರ್."

ಉಳಿದ ಹನ್ನೊಂದು ಜನರಿಗೂ ಒಮ್ಮೆಗೇ ಚಹಾದ ಲೋಟದ ತಳದಲ್ಲಿ ಏನೋ ಕಂಡಿತು. ಅಲ್ಪವಿರಾಮ ಅವರಲ್ಲೊಬ್ಬಳಾದ ನಾದಿನಿಯನ್ನು ನೋಡಿದ. ಅವಳು ಆಸ್ಪತ್ರೆಯ ನರ್ಸು. ಕೆಟ್ಟ ಸುದ್ದಿ ಹೇಳುವುದು ಅವಳಿಗೆ ರೂಢಿ.

"ಮೂರು ವರ್ಷದಿಂದ, ಭಾವ" ಅಂದಳು.

ಅವನು ಎದ್ದುನಿಂತು, ಅನುಭವಸ್ಥರು ಸಾಲಿನ ಹಿಂದಿದ್ದು ಎಲ್ಲರನ್ನೂ ನೋಡಿಕೊಳ್ಳುವುದು ಇವತ್ತಿನ ಅಗತ್ಯ ಎಂದು ಹೊಸ ಸಿದ್ಧಾಂತ ಮಂಡಿಸಿದ. ಅದು ಹುಟ್ಟಿ ಅರೆನಿಮಿಷ ಆಗಿತ್ತು. ವಾದಿಸಿದರೆ ಕತ್ತಲಾದೀತೆಂದು ಹೆದರಿ ಎಲ್ಲರೂ ಒಪ್ಪಿದರು. ಅಂಚೆಯಮ್ಮ ಮುಂದೆ, ಅವನು ಕೊನೆಗೆ.

ಕಲ್ಲುಗಣಿಯ ಏರು ಶುರುವಾಯಿತು. ಅರವತ್ತೆಂಟರ ಅಂಚೆಯಮ್ಮ ಹಳೇ ಬಡಾವಣೆಯಲ್ಲಿ ಕಾಗದ ಹಂಚಲು ಹೊರಟವರಂತೆ ಸಲೀಸಾಗಿ ಹತ್ತಿದರು. ಅಲ್ಪವಿರಾಮನ ಕಣ್ಣೆದುರು ಹನ್ನೆರಡು ಬೆನ್ನು ಸಣ್ಣದಾಗುತ್ತ ಹೋದವು, ತಿರುವಿನಲ್ಲಿ ಕಾಣದಾದವು. ಅವನ ಎಡಮಂಡಿ ಎಣ್ಣೆ ಕಾಣದ ಬಾಗಿಲ ಕೀಲಿನಂತೆ ಕಿರುಗುಟ್ಟಿತು. ಇಳಿದ. ತಳ್ಳಿದ. ತಳ್ಳುವುದೂ ಆಗದೆ ನಿಂತ. ಯಾರಾದರೂ ಬಂದರೆ ತೋರಿಸಲು ಸಾಕ್ಷಿ ಇರಲಿ ಎಂದು ಚೈನಿಗೆ ಕೈಯೊರೆಸಿ ಅಂಗೈಗೆ ಗ್ರೀಸು ಮಾಡಿಕೊಂಡ. ಐವತ್ತನಾಲ್ಕು ವರ್ಷದ ಓದು, ವಾದ, ಧಿಕ್ಕಾರಗಳೆಲ್ಲ ಅವನನ್ನು ತಂದು ನಿಲ್ಲಿಸಿದ್ದು ಇಲ್ಲಿಗೆ.

ನಾದಿನಿ ಮೇಲಿನಿಂದ ಇಳಿದುಬಂದಳು.

"ಚೈನು ಬಿತ್ತು" ಅಂದ, ಕೈ ತೋರಿಸಿ.

ಅವಳು ಬಗ್ಗಿ ನೋಡಿದಳು. "ಚೈನು ಗಟ್ಟಿಯಾಗಿದೆ. ಬಿದ್ದಿರೋದು ನೀವೇ." ರಸ್ತೆ ಬದಿಯ ಕಲ್ಲಿನ ಮೇಲೆ ಕೂರಿಸಿ ನಾಡಿ ಹಿಡಿದಳು. ಎಣಿಸುತ್ತಲೇ ಕೇಳಿದಳು: "ಮುಂದೆ ನಡಿ ಅಂದಾಗ ಅಮ್ಮ ಏನು ಮಾಡಿದ್ಳು, ನೆನಪಿದೆಯಾ?"

ನೆನಪಿತ್ತು. ಅದೇ ತೊಂದರೆ. ನಾಚಿಕೆಯಾಗಿ ಸೆರಗಲ್ಲಿ ಮುಖ ಮುಚ್ಕೊಂಡು ಅತ್ಬಿಟ್ಟೆ, ಅರ್ಧ ದಿನ ಯಾರ ಹತ್ರಾನೂ ಮಾತಾಡಲಿಲ್ಲ ಎಂದು ಅತ್ತೆ ಹೇಳಿದ್ದಳು. ಹೋರಾಟಗಾರ್ತಿ ಅಳಬಾರದೆಂದು ಕರಡಿನಲ್ಲಿ ಆ ಸಾಲನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದ್ದವನು ಇವನೇ. ಅತ್ತೆ ಅಚ್ಚಾದ ಪುಸ್ತಿಕೆ ಓದಿ, ಚೆನ್ನಾಗಿದೆ, ಆದ್ರೆ ಇವಳು ಯಾರೋ ಬೇರೆಯವಳು ಅಂದಿದ್ದಳು. ಅದನ್ನು ಅವನು ಹೊಗಳಿಕೆಯೆಂದು ತಿಳಿದಿದ್ದ.

"ಆ ಸಾಲು ಇದ್ದಿದ್ರೆ," ನಾದಿನಿ ಕೈ ಬಿಟ್ಟಳು, "ನಿಮಗೇ ಇವತ್ತು ಉಪಯೋಗಕ್ಕೆ ಬರ್ತಿತ್ತು."

ಏರಿನ ತುದಿಯಲ್ಲಿ ಹನ್ನೊಂದು ಜನ ಕಾಯುತ್ತಿದ್ದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಸಾಲು ತುಂಡಾಗಿತ್ತು. ತುಂಡು ಮಾಡಿದವನು ನಿಯಮ ಬರೆದವನೇ. ಅವನು ಸೈಕಲ್ಲನ್ನು ತಳ್ಳಿಕೊಂಡು ಅವರನ್ನೆಲ್ಲ ದಾಟಿ ಹೋಗಿ ತಿರುಗಿ ನಿಂತ. ಎಲ್ಲರೂ ಇಪ್ಪತ್ತು ನಿಮಿಷಕ್ಕೆ ಸಿದ್ಧರಾದರು.

"ನಮ್ಮಲ್ಲಿ ಎಲ್ಲರಿಗಿಂತ ನಿಧಾನ ನಾನು" ಅಂದ. "ಅದಕ್ಕೇ ಮುಂದೆ ಇರ್ತೀನಿ."

ಅಷ್ಟೇ. ಅವನ ಜೀವನದ ಅತಿ ಚಿಕ್ಕ ಭಾಷಣ. ಹೇಳುವಾಗ ಕಿವಿ ಬಿಸಿಯಾಗಿ, ಕಣ್ಣು ಒದ್ದೆಯಾಗಿ, ಒರೆಸಿಕೊಳ್ಳಲು ಹೋಗಿ ಗ್ರೀಸು ಮುಖಕ್ಕೆಲ್ಲ ಬಳಿದುಕೊಂಡ. ಯಾರೂ ನಗಲಿಲ್ಲ, ಅಂದರೆ ತಕ್ಷಣ ನಗಲಿಲ್ಲ. ರಿಪೇರಿಯವನು ಬಂದು ಅವನ ಸೀಟನ್ನು ಎರಡು ಬೆರಳಷ್ಟು ಮೇಲೆತ್ತಿ ಬಿಗಿದ. ಇಷ್ಟು ತಗ್ಗಿಸಿಟ್ಟುಕೊಂಡರೆ ಮಂಡಿ ಹೋಗದೆ ಇರುತ್ತದೆಯೇ ಎಂದು ಗೊಣಗಿದ.

ಇಳಿಜಾರು ಮುಗಿದು ಸಪಾಟು ರಸ್ತೆ ಬಂತು. ಬೆನ್ನ ಹಿಂದೆ ಸದ್ದು ಶುರುವಾಯಿತು: ಟಿಕ್, ಟಿಕ್, ಟಿಕ್. ಹನ್ನೆರಡು ಜೊತೆ ಕಾಲುಗಳು ಅವನಿಗಾಗಿ ತುಳಿಯದೆ ಇದ್ದವು. ಕಚೇರಿಯ ಮೆಟ್ಟಿಲು ಇನ್ನೂ ಮೂವತ್ತು ಕಿಲೋಮೀಟರು.

"ಭಾವ," ಹಿಂದಿನಿಂದ ನಾದಿನಿ ಕೂಗಿದಳು, "ಸ್ವಲ್ಪ ಬೇಗ ತುಳೀರಿ, ಹೊಟ್ಟೆ ಹಸೀತಿದೆ."

"ದಾಟಕೂಡದು" ಅಂದ ಅಲ್ಪವಿರಾಮ, ತಿರುಗದೆ. "ನಿಯಮ ಓದ್ಕೋ."