ಹೊಕ್ಕಳದ ಅರಿಷಿಣ

ಸೂಡಿ ಊರಲ್ಲಿ ಸಕ್ರವ್ವನ ಕೈಗುಣ ದೊಡ್ಡದು. ಕುಡುಗೋಲು ತಾಗಲಿ, ಎತ್ತು ಹಾಯಲಿ, ಅವಳು ಅರಿಷಿಣ ಮೆತ್ತಿದರೆ ಗಾಯ ವಾರದೊಳಗೆ ಮಾಯಲೇಬೇಕು. ಸೊಸೆ ಉಮಾಳಿಗೆ ಈಗ ಭಯವಿದ್ದದ್ದು ಆ ಕೈಗುಣದ್ದೇ.

ಉಮಾಳ ಮಗಳು ದುರ್ಗಾ ಹುಟ್ಟಿದಾಗ ಮಲದ ದಾರಿಯೇ ಇರಲಿಲ್ಲ. ಕೂಸಿದ್ದಾಗ ಆಪರೇಶನ್ ಮಾಡಿ ದಾರಿ ಮಾಡಿದ್ದರೂ ತಡೆದುಕೊಳ್ಳಲು ಬರುತ್ತಿರಲಿಲ್ಲ, ಕೂತಲ್ಲೇ ಆಗಿಬಿಡುತ್ತಿತ್ತು. ಶಾಲೆಯಲ್ಲಿ ಯಾರೂ ಪಕ್ಕಕ್ಕೆ ಕೂಡುತ್ತಿರಲಿಲ್ಲ. ಒಂಬತ್ತು ತುಂಬುವಷ್ಟರಲ್ಲಿ ಅವಳೇ ಹೋಗುವುದು ಬಿಟ್ಟಳು.

ಎರಡು ತಿಂಗಳ ಹಿಂದೆ ಹುಬ್ಬಳ್ಳಿಯ ಡಾಕ್ಟರು ಅವಳ ಹೊಕ್ಕಳದಲ್ಲಿ ಕಡಲೆಕಾಳಿನಷ್ಟು ತೂತು ಮಾಡಿ ಕರುಳಿಗೆ ಸೇರಿಸಿದರು. ದಿನಾ ಮುಂಜಾನೆ ಅದರಲ್ಲಿ ಸಣ್ಣ ಪೈಪು ಇಳಿಸಿ, ಉಪ್ಪುನೀರು ಬಿಟ್ಟು, ಪಾಯಖಾನೆಯಲ್ಲಿ ಅರ್ಧ ತಾಸು ಕೂತರೆ ಹೊಟ್ಟೆ ಖಾಲಿ. ಆಮೇಲೆ ಇಡೀ ದಿನ ಚಿಂತೆಯಿಲ್ಲ. ಒಲೆಯ ಕುಳ್ಳು ತುಂಬಿಟ್ಟಿದ್ದ ಪಾಯಖಾನೆಯನ್ನು ಉಮಾ ಅದಕ್ಕೇ ಖಾಲಿ ಮಾಡಿದ್ದಳು.

"ಒಂದ ದಿನಾನೂ ತಪ್ಪಿಸಬ್ಯಾಡ್ರಿ. ದಾರಿ ಮುಚ್ಚಿದ್ರ ಮತ್ತ ಕೊಯ್ಬೇಕಾಗತೈತಿ," ಎಂದಿದ್ದಳು ನರ್ಸು.

ಬರುವ ಸೋಮವಾರದಿಂದ ಶಾಲೆ. ಅಷ್ಟರಲ್ಲಿ ಸವಡಿಯಲ್ಲಿ ಉಮಾಳ ಸೋದರಮಾವ ತೀರಿಕೊಂಡ. ಮನಸ್ಸಿಲ್ಲದೆ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಹೋದಳು. ಮೂರನೇ ದಿನ ಮೊದಲ ಬಸ್ಸಿಗೆ ಅವಳು ತಿರುಗಿ ಬಂದರೆ ಮಗಳ ಹೊಕ್ಕಳ ತುಂಬ ಅರಿಷಿಣ, ಮೇಲೆ ಬಟ್ಟೆಪಟ್ಟಿ!

"ಎರಡ ತಿಂಗಳಾತು, ಗಾಯ ಮಾಯ್ದಿಲ್ಲ. ಹಸೀ ಗಾಯಕ್ಕ ದಿನಾ ನೀರ ಹಾಕಿದ್ರ ಹ್ಯಾಂಗ ಮಾಯಬೇಕು? ನೀರ ಬಂದ್ ಮಾಡೇನಿ," ಎಂದಳು ಸಕ್ರವ್ವ, ಹೆಮ್ಮೆಯಿಂದ.

ಅತ್ತೆಯ ಮುಂದೆ ಎಂದೂ ದನಿ ಎತ್ತದ ಉಮಾ ಕಿರುಚಿಯೇಬಿಟ್ಟಳು.

"ಅದು ಗಾಯ ಅಲ್ರೀ ಅತ್ತಿ! ನನ್ನ ಮಗಳ ಸಾಲಿ ಅದು! ಮುಚ್ಚಿಬಿಟ್ರಲ್ಲ!"

ಮುದುಕಿಯ ಮುಖ ಬಿಳಚಿಕೊಂಡಿತು.

ದುರ್ಗಾ ಅವ್ವನ ಸೆರಗು ಜಗ್ಗಿ ಪಾಯಖಾನೆಗೆ ಕರೆದೊಯ್ದಳು. ಅರಿಷಿಣ ತೊಳೆದು, ಉಸಿರು ಬಿಟ್ಟು, ಹೊಟ್ಟೆ ಸಡಿಲ ಮಾಡಿ ಪೈಪು ಇಳಿಸಿದಳು. ಅದು ಸಲೀಸಾಗಿ ಹೋಯಿತು.

"ಎರಡೂ ದಿನ ನಾನ ನೀರ ಹಾಕ್ಕೊಂಡೇನ್ಬೇ, ಆಯಿ ಏಳೂದ್ರಾಗ ಎದ್ದು."

"ಮತ್ತ ಅರಿಷಿಣ?"

"ತಿರುಗಿ ಹಚ್ಕೊಂಡೇನಿ. ಇಲ್ಲಾಂದ್ರ ಆಯಿಗೆ ಕೆಟ್ಟ ಅನಸ್ತೈತಿ."

ಉಮಾಳಿಗೆ ಅಳು, ನಗು ಒಟ್ಟಿಗೇ ಬಂದವು. ಎಂಥ ಹುಡುಗಿ ಇವಳು! ಗೇಣುದ್ದ ಇದ್ದುಕೊಂಡು ತನ್ನ ದಾರಿಯನ್ನೂ ಕಾಯ್ದುಕೊಂಡಿದ್ದಳು, ಅಜ್ಜಿಯ ಮನಸ್ಸನ್ನೂ. ಬಾಗಿಲ ಹೊರಗೆ ಸಕ್ರವ್ವ ಎಲ್ಲ ಕೇಳಿಸಿಕೊಂಡು ನಿಂತಿದ್ದಳು.

ಸೋಮವಾರ ಮುಂಜಾನೆ ಉಪ್ಪುನೀರಿನ ಚೀಲ ಎತ್ತಿ ಹಿಡಿದವಳು ಅವಳೇ. ಮೊಮ್ಮಗಳು ಪಾಟೀಚೀಲ ಹೆಗಲಿಗೇರಿಸಿ ಹೊರಟಾಗ, ಜೀವಮಾನವೆಲ್ಲ ಊರ ಗಾಯ ಮುಚ್ಚಿದ ಮುದುಕಿ ಗುಡಿಯ ಕಡೆ ತಿರುಗಿ ಕೈಮುಗಿದಳು.

"ಯವ್ವಾ ದ್ಯಾಮವ್ವಾ, ಇದೊಂದು ಮುಚ್ಚದ್ಹಂಗ ನೋಡ್ಕೋ."