ಏಳು ಕಾಲಂ, ನಾಲ್ಕು ಸಾಲು

"ಒಂಬತ್ತನೇ ಬೆಡ್ಡು," ಎನ್ನುತ್ತಾ ಅವಳು ಹಾಳೆ ತಿರುಗಿಸಿದಳು. "ಹೆಂಗಸು, ಮೂವತ್ತೆಂಟು ವರ್ಷ. ಬೆಳಿಗ್ಗೆ ಆರಕ್ಕೆ ದಾಖಲು. ರಕ್ತಸ್ರಾವ, ಎರಡು ತಿಂಗಳಿಂದ. ಹಿಮೋಗ್ಲೋಬಿನ್ ಆರು. ಒಂದು ಬಾಟಲಿ ರಕ್ತ ಹೋಗಿದೆ, ಚಳಿ ನಡುಕ ಏನೂ ಬಂದಿಲ್ಲ. ಎರಡನೇದು ಬಾಕಿ, ಮೂರು ಗಂಟೆಗೆ. ಜೊತೆಗೆ ಯಾರೂ ಇಲ್ಲ."

"ಯಾರೂ ಬಂದೇ ಇಲ್ವಾ, ಬಂದು ಹೋದ್ರಾ?" ಮಧ್ಯಾಹ್ನದ ಡ್ಯೂಟಿಗೆ ಬಂದ ಕಿರಿಯ ನರ್ಸು ಕೇಳಿದಳು. ಇಷ್ಟೇ ಇಷ್ಟು ಮೈ, ಇಡೀ ವಾರ್ಡಿಗೆ ಕೇಳುವ ಗಂಟಲು. ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು.

"ನಾನು ನೋಡಿಲ್ಲ. ಹಾಗೇ ಬರ್ಕೋ, ನೋಡಿಲ್ಲ ಅಂತ."

ಗುಬ್ಬಿ ಬರೆದುಕೊಂಡಳು. ನೋಡಿದ್ದನ್ನು ನೋಡಿದೆ ಎನ್ನು, ಅನುಮಾನವಿದ್ದರೆ ಅನುಮಾನ ಎನ್ನು, ಎರಡನ್ನೂ ಬೆರೆಸಬೇಡ ಎಂದು ಅವಳಿಗೆ ಕಲಿಸಿದವಳು ಇವಳೇ. ಇಪ್ಪತ್ತೆರಡು ವರ್ಷಗಳಿಂದ ದಿನಾ ಡ್ಯೂಟಿ ಮುಗಿಸುವಾಗ ಹೀಗೆ ಹ್ಯಾಂಡೋವರ್ ಕೊಟ್ಟು ಬರುತ್ತಿದ್ದಳು. ಯಾರು, ಏನಾಗಿದೆ, ಇವತ್ತು ಏನಾಯಿತು, ಏನು ಬಾಕಿ. ಅಷ್ಟು ಹೇಳಿದರೆ ಮುಗಿಯಿತು, ಚಪ್ಪಲಿ ಮೆಟ್ಟಿಕೊಂಡು ಹೊರಡಬಹುದು.

"ಸಿಸ್ಟರ್, ಯಾಕೆ ಮುಖ ಹೀಗಿದೆ?"

"ಮನೇಲಿ ಪರೀಕ್ಷೆ ಕಣೆ."

"ಮಕ್ಕಳಿಗಾ?"

"ನನಗೆ."

"ಅಯ್ಯೋ, ಈ ವಯಸ್ಸಲ್ಲಿ ಯಾವ ಪರೀಕ್ಷೆ ಕಟ್ಟಿದೀರಾ?" ಎಂದು ಗುಬ್ಬಿ ಕೂಗಿದಾಗ ಐದನೇ ಬೆಡ್ಡಿನ ಅಜ್ಜಿ ಕೂಡ ತಿರುಗಿ ನೋಡಿದರು.

ಪರೀಕ್ಷೆ ಸಂಜೆ ಐದಕ್ಕೆ. ಪರೀಕ್ಷಕರು ಅವಳ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕದ ಟೀಚರಾಗಿದ್ದು ನಿವೃತ್ತರಾದವರು. ಈಗ ಚರ್ಚಿನ ಮಹಿಳಾ ಕೂಟ ಅವರ ಕೈಯಲ್ಲಿತ್ತು. ವರ್ಷದ ಮೊದಲ ವಾರ ಅವರು ಕೂಟದ ಹೆಂಗಸರಿಗೆಲ್ಲ ಒಂದೊಂದು ದಪ್ಪ ನೋಟ್‌ಬುಕ್ ಹಂಚಿದ್ದರು. ದಿನಕ್ಕೊಂದು ಪುಟ, ಪುಟಕ್ಕೆ ಏಳು ಕಾಲಂ: ಸಂದರ್ಭ, ಮುಖ್ಯ ವಿಷಯ, ದೇವರ ಗುಣ, ವಾಗ್ದಾನ, ಆಜ್ಞೆ, ನನ್ನ ಪಾಪ, ಅನ್ವಯ. ಯಾವ ದಿನ ಬೈಬಲಿನ ಯಾವ ಭಾಗ ಎಂದು ಮೊದಲ ಪುಟದಲ್ಲಿ ಚಾರ್ಟು. ಯಾರೂ ಹಾಳೆ ಹರಿಯಬಾರದೆಂದು ಪ್ರತಿ ಪುಟಕ್ಕೂ ಕೆಂಪು ಶಾಯಿಯಲ್ಲಿ ಅಂಕಿ.

ಇವಳ ನೋಟ್‌ಬುಕ್ಕಿನಲ್ಲಿ ನಿನ್ನೆಯವರೆಗೆ ನಲವತ್ತಾರು ಪುಟ ಖಾಲಿ.

ಇದು ಅವಳ ನಾಲ್ಕನೇ ಪ್ರಯತ್ನ. ಒಂದು ವರ್ಷ ಬೈಬಲನ್ನು ಮೊದಲಿನಿಂದ ಕೊನೆಯವರೆಗೆ ಓದಿಬಿಡುತ್ತೇನೆಂದು ಹೊರಟು ಮೂರನೇ ಪುಸ್ತಕದಲ್ಲಿ ಬಲಿಗಳ ಲೆಕ್ಕಕ್ಕೆ ಸಿಕ್ಕಿ ನಿಂತಿದ್ದಳು. ಮರುವರ್ಷ ತಲೆದಿಂಬಿನಷ್ಟು ದಪ್ಪದ ವಿವರಣೆಯ ಪುಸ್ತಕ ತಂದಳು. ಅದು ಕೆಲವು ದಿನ ನಿಜಕ್ಕೂ ತಲೆದಿಂಬೇ ಆಯಿತು. ಆಮೇಲೆ ಫೋನಿನಲ್ಲಿ ಕೇಳತೊಡಗಿದಳು. ಓದುವ ಗಂಡಸಿನ ದನಿ ಎಷ್ಟು ಇಂಪಾಗಿತ್ತೆಂದರೆ ನಾಲ್ಕು ವಾಕ್ಯ ಮುಗಿಯುವುದರೊಳಗೆ ಕಣ್ಣು ಮುಚ್ಚಿಹೋಗುತ್ತಿತ್ತು.

ಆಸೆ ಇಲ್ಲವೆಂದಲ್ಲ, ಇದ್ದುದೇ ತೊಂದರೆ. ಮೂವತ್ತು ವರ್ಷಗಳಿಂದ ಭಾನುವಾರ ಭಾನುವಾರ ಬೇರೆಯವರು ಹೇಳಿದ ಅರ್ಥವನ್ನು ಕೇಳಿ ತಲೆಯಾಡಿಸಿ ಬಂದಿದ್ದಳು. ಒಂದು ಸಲವಾದರೂ ತಾನೇ ತೆರೆದು, ತನ್ನದೇ ತಲೆಯಿಂದ ತಿಳಿದುಕೊಳ್ಳಬೇಕು, ಅದೂ ದಿನಾ, ಎಂಬುದು ಹಸಿವಿನಂತೆ ಒಳಗೇ ಕೂತಿತ್ತು. ಪ್ರತಿ ಸಲ ಸೋತಾಗಲೂ ತನಗೆ ಅಷ್ಟು ಯೋಗ್ಯತೆ ಇಲ್ಲವೇನೋ ಅನ್ನಿಸುತ್ತಿತ್ತು. ಇವತ್ತು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ತೀರ್ಮಾನಿಸಿಬಿಟ್ಟಿದ್ದಳು: ಓರಗಿತ್ತಿ ಅಕ್ಕ ಬಂದಾಗ ನೋಟ್‌ಬುಕ್ ಕೈಗೆ ಕೊಟ್ಟು, ನನ್ನಿಂದ ಆಗಲ್ಲ ಎಂದುಬಿಡುವುದು. ಅಲ್ಲಿಗೆ ಕೂಟದ ಜೊತೆ ಓದೂ ಮುಗಿದಂತೆ. ಐದನೇ ಸಲ ಹೊರಡುವ ಮುಖ ಅವಳಿಗೆ ಉಳಿದಿರಲಿಲ್ಲ.

ಮನೆಯಲ್ಲಿ ಅತ್ತೆ ಊಟದ ಮೇಜಿನ ಹತ್ತಿರ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಕಣ್ಣಿನ ಪೊರೆ ತೆಗೆಸಿ ಹತ್ತು ದಿನವಾಗಿತ್ತು. ಓದುವಂತಿಲ್ಲ, ಟೀವಿ ನೋಡುವಂತಿಲ್ಲ, ಬಗ್ಗುವಂತಿಲ್ಲ. ಉಳಿದದ್ದು ಬಾಯಿ ಒಂದೇ.

"ಬಂದ್ಯಾ? ನಿನ್ನ ಹೆಡ್‌ಮೇಷ್ಟ್ರು ಫೋನ್ ಮಾಡಿದ್ಲು. ಐದಕ್ಕೆ ಸರಿಯಾಗಿ ಬರ್ತಾಳಂತೆ, ನೋಟ್‌ಬುಕ್ ರೆಡಿ ಇಟ್ಟಿರಬೇಕಂತೆ."

"ತಲೆ ಎತ್ತಿ, ಡ್ರಾಪ್ಸ್ ಹಾಕ್ತೀನಿ."

"ಎಷ್ಟು ಬರ್ದಿದೀಯಾ?"

"ಮಾತಾಡ್ಬೇಡಿ, ಹನಿ ಬಾಯಿಗೆ ಬೀಳತ್ತೆ."

ಟೀ ಮಾಡಿ ಇಬ್ಬರಿಗೂ ತಂದಿಟ್ಟಳು. ಗಡಿಯಾರ ಮೂರೂ ಮುಕ್ಕಾಲು. ಒಪ್ಪಿಸುವುದು ಹೇಗೂ ಒಪ್ಪಿಸುವುದೇ, ಇವತ್ತಿನ ಒಂದು ಪುಟವನ್ನಾದರೂ ಪ್ರಾಮಾಣಿಕವಾಗಿ ಬರೆದು ಒಪ್ಪಿಸೋಣ ಅನ್ನಿಸಿತು. ಚಾರ್ಟು ನೋಡಿದಳು. ಬಹಳ ಚಿಕ್ಕ ಭಾಗ, ಹತ್ತು ಹನ್ನೆರಡು ವಾಕ್ಯವಷ್ಟೆ. ರಕ್ತಸ್ರಾವದ ಹೆಂಗಸೊಬ್ಬಳು ಗುಂಪಿನಲ್ಲಿ ನುಗ್ಗಿ ಬಂದು ಯೇಸುವಿನ ಬಟ್ಟೆ ಮುಟ್ಟಿ ವಾಸಿಯಾದ ಕಥೆ. ಸಾವಿರ ಸಲ ಕೇಳಿದ್ದು. ಎರಡು ಸಲ ಓದಿದಳು. ನೋಟ್‌ಬುಕ್ ತೆರೆದು ಮೊದಲ ಕಾಲಂ 'ಸಂದರ್ಭ'ದ ಕೆಳಗೆ ಪೆನ್ನು ಊರಿದಳು. ಬೆಳಿಗ್ಗೆ ಐದಕ್ಕೆ ಎದ್ದ ಕಣ್ಣು ಎಳೆಯುತ್ತಿತ್ತು. ಪಕ್ಕದ ಮನೆಯವರು ಮಿಕ್ಸಿ ಹಾಕಿದ್ದರು, ಅತ್ತೆ ಟೀ ಆರಿಸುತ್ತಾ ಊದುತ್ತಿದ್ದರು. ಕೈ ತಾನಾಗಿ ಓಡತೊಡಗಿತು.

ಮಿಕ್ಸಿ ನಿಂತಾಗ ಅವಳು ಬರೆದದ್ದನ್ನು ನೋಡಿದಳು.

ಏಳು ಕಾಲಮ್ಮುಗಳ ಗೆರೆಗಳನ್ನೂ ದಾಟಿಕೊಂಡು, ಈ ಅಂಚಿನಿಂದ ಆ ಅಂಚಿನವರೆಗೆ ಬರೆದುಬಿಟ್ಟಿದ್ದಳು. ಮೇಲ್ಗಡೆ, ಅಡಿಗೆರೆ ಎಳೆದು: ಬೆಡ್ ೯.

"ಅಯ್ಯೋ ದೇವರೇ."

"ಏನಾಯ್ತೇ?"

"ತಪ್ಪಾಯ್ತು ಅತ್ತೆ. ವಾರ್ಡಿನ ಥರ ಬರ್ದುಬಿಟ್ಟೆ. ಹಾಳೆ ಹರಿಯೋ ಹಾಗೂ ಇಲ್ಲ, ಅಕ್ಕ ನಂಬರ್ ಹಾಕಿದಾರೆ."

"ಏನು ಬರ್ದಿದೀಯಾ, ಓದು."

"ಬೇಡ ಬಿಡಿ."

"ಕಣ್ಣಿಲ್ದೋಳು ಕೇಳ್ತಿದೀನಿ, ಓದೇ."

ಅವಳು ಓದಿದಳು. ಓದುವಾಗ ದನಿ ತಾನಾಗಿ ವಾರ್ಡಿನ ದನಿಯಾಯಿತು.

"ಬೆಡ್ ಒಂಬತ್ತು. ಹೆಂಗಸು. ಹೆಸರು, ವಯಸ್ಸು ಹೇಳಿಲ್ಲ. ರಕ್ತಸ್ರಾವ, ಹನ್ನೆರಡು ವರ್ಷದಿಂದ. ಮೊದಲು ಬೇಕಾದಷ್ಟು ವೈದ್ಯರಿಗೆ ತೋರಿಸಿದ್ದಾರೆ, ಇದ್ದದ್ದೆಲ್ಲ ಖರ್ಚಾಗಿದೆ, ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಇವತ್ತು ಜನದ ಮಧ್ಯೆ ಹಿಂದಿನಿಂದ ಬಂದು ಬಟ್ಟೆ ಮುಟ್ಟಿದ್ದಾರೆ. ಕೂಡಲೇ ನಿಂತಿದೆ. ಮುಟ್ಟಿದ್ದು ಯಾರು ಅಂತ ಕೇಳಿದ್ದಕ್ಕೆ ಹೆದರಿ ನಡುಗುತ್ತಾ ಮುಂದೆ ಬಂದು ಎಲ್ಲ ಹೇಳಿಕೊಂಡಿದ್ದಾರೆ. ಸಮಾಧಾನ ಹೇಳಿ ಕಳಿಸಲಾಗಿದೆ. ಜೊತೆಗೆ ಯಾರೂ ಇಲ್ಲ."

ಅತ್ತೆ ನಗತೊಡಗಿದರು. ಮೊದಲು ಭುಜ ಕುಣಿಯಿತು, ಆಮೇಲೆ ಹೊಟ್ಟೆ.

"ನಗಬೇಡಿ ಅತ್ತೆ, ಕಣ್ಣಿಗೆ ಒತ್ತಡ ಬೀಳತ್ತೆ!"

"ಬೆಡ್ ಒಂಬತ್ತು ಅಂತೆ! ಬಿ.ಪಿ. ಎಷ್ಟಿತ್ತೇ?" ಅವರು ಸೆರಗಿನಿಂದ ಕೆನ್ನೆ ಒರೆಸಿಕೊಂಡರು. ನಗು ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ ಬೇರೆಯೇ ದನಿಯಲ್ಲಿ ಕೇಳಿದರು, "ಜೊತೆಗೆ ಯಾರೂ ಇಲ್ಲ ಅಂತ ಬೈಬಲಲ್ಲಿ ಇದೆಯಾ?"

ಅವಳು ಮತ್ತೆ ಬೈಬಲಿನ ಮೇಲೆ ಬಗ್ಗಿದಳು. ಬೆರಳಿಟ್ಟು ಒಂದೊಂದೇ ಪದ ನೋಡಿದಳು. ಇರಲಿಲ್ಲ. ನೋಡದ್ದನ್ನು ನೋಡಿದಂತೆ ಬರೆದಿದ್ದಳು. ವಾರ್ಡಿನಲ್ಲಿ ಗುಬ್ಬಿ ಹೀಗೆ ಮಾಡಿದ್ದರೆ ಬೈಸಿಕೊಳ್ಳುತ್ತಿದ್ದಳು.

"ಇಲ್ಲ ಅತ್ತೆ. ಅದು ನನ್ನ ಅನುಮಾನ." ಆ ಮಾತಿನ ಪಕ್ಕದಲ್ಲಿ 'ಅನುಮಾನ' ಎಂದು ಬರೆದಳು. ಬರೆಯುತ್ತಲೇ ಕೈ ನಿಂತಿತು. "ಆದ್ರೆ ನೋಡಿ, ಹಿಂದಿನಿಂದ ಬಂದಿದಾಳೆ. ಮನೆಯವರು ಅಂತ ಯಾರಾದ್ರೂ ಇದ್ದಿದ್ರೆ ಅವರು ಮುಂದೆ ಹೋಗಿ ಕೇಳ್ತಿದ್ರು, ಅಲ್ವಾ? ನಮ್ಮಲ್ಲೂ ಹಾಗೇ. ಜನ ಇರೋರು ಡಾಕ್ಟರ ಎದುರಿಗೇ ಬಂದು ನಿಲ್ತಾರೆ. ಯಾರೂ ಇಲ್ದೋರು ಬಾಗಿಲ ಹಿಂದೆ ನಿಂತಿರ್ತಾರೆ."

ಅವಳಿಗೇ ತನ್ನ ಮಾತು ಹೊಸದಾಗಿ ಕೇಳಿಸಿತು. ಹನ್ನೆರಡು ವರ್ಷದ ರಕ್ತಸ್ರಾವವೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಕಾಗದದಂತೆ ಬಿಳಿಚಿದ ಉಗುರು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಎಷ್ಟು ಒಗೆದರೂ ಹೋಗದ ಕಲೆ, ಕೂತಲ್ಲಿಂದ ಎದ್ದಾಗಲೆಲ್ಲ ಹಿಂದೆ ತಿರುಗಿ ನೋಡಿಕೊಳ್ಳುವ ಅಭ್ಯಾಸ. ಅಂಥ ಮೈಯನ್ನು ಹೊತ್ತುಕೊಂಡು ಇವಳು ಜನಜಂಗುಳಿಯಲ್ಲಿ ನುಗ್ಗಿದ್ದಳು. ಮೂವತ್ತು ವರ್ಷ ಕೇಳಿದ ಕಥೆಯಲ್ಲಿ ಈ ಹೆಂಗಸಿಗೆ ಮೈ ಎಂಬುದೊಂದಿತ್ತೆಂದು ಒಮ್ಮೆಯೂ ಹೊಳೆದಿರಲಿಲ್ಲ.

"ಬಾಕಿ ಏನು?" ಅತ್ತೆ ಕೇಳಿದರು.

"ಆಂ?"

"ನೀನು ಫೋನಲ್ಲಿ ಡ್ಯೂಟಿ ವಿಷಯ ಮಾತಾಡೋವಾಗ ಕೊನೇಲಿ ಬಾಕಿ, ಬಾಕಿ ಅಂತ ಏನೋ ಹೇಳ್ತೀಯಲ್ಲ. ಇವಳದು ಬಾಕಿ ಏನೂ ಇಲ್ವಾ?"

"ಇವಳದು ಮುಗೀತು. ವಾಸಿಯಾಗಿ ಹೋದ್ಲು."

"ಹಂಗಾದ್ರೆ ಆ ಹುಡುಗಿ?"

"ಯಾವ ಹುಡುಗಿ?"

"ಯೇಸು ಸ್ವಾಮಿ ಹೊರಟಿದ್ದೇ ಸಾಯೋ ಹಾಗಿದ್ದ ಹುಡುಗಿ ಮನೆಗೆ ಅಲ್ವೇನೇ? ದಾರೀಲಿ ತಾನೆ ಇವಳು ಸಿಕ್ಕಿದ್ದು?"

ಅವಳು ಬೈಬಲಿನ ಪುಟದಲ್ಲಿ ಮೇಲೂ ಕೆಳಗೂ ನೋಡಿದಳು. ಹೌದು. ಹನ್ನೆರಡು ವರ್ಷದ ಹುಡುಗಿ, ಸ್ಥಿತಿ ಗಂಭೀರ, ಅಪ್ಪ ಬಂದು ಕಾಲು ಹಿಡಿದು ಕರೆದುಕೊಂಡು ಹೊರಟಿದ್ದಾನೆ. ಅಂದರೆ ತುರ್ತು ಕರೆ. ಅಂಥ ಕರೆಗೆ ಓಡುವಾಗ ಹನ್ನೆರಡು ವರ್ಷದ ಹಳೇ ಕಾಯಿಲೆಯವರು ಅಡ್ಡ ಬಂದರೆ ತಾನಾದರೆ ಏನೆನ್ನುತ್ತಿದ್ದಳು? 'ಕೂತ್ಕೊಳ್ಳಿ, ಆಮೇಲೆ ಬರ್ತೀನಿ.' ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ಯೇಸು ನಿಂತಿದ್ದರು. ನಿಂತು, ಕೇಳಿ, ಆ ಹೆಂಗಸು ಎಲ್ಲ ಹೇಳಿ ಮುಗಿಸುವವರೆಗೂ ಕಾದಿದ್ದರು. ಆ ಅಪ್ಪ ಪಕ್ಕದಲ್ಲಿ ಏನು ಮಾಡುತ್ತಿದ್ದನೋ. ಅವನ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಆಪರೇಷನ್ ಕೋಣೆಯ ಹೊರಗೆ ದಿನಾ ನೋಡುತ್ತಿದ್ದಳು.

ಕೊನೆಯ ಸಾಲು ಬರೆದಳು. ಬಾಕಿ: ಹುಡುಗಿ, ಹನ್ನೆರಡು ವರ್ಷ. ಅಪ್ಪ ಕಾಯುತ್ತಿದ್ದಾನೆ.

ಪೆನ್ನಿಗೆ ಮುಚ್ಚಳ ಹಾಕಿದಾಗ ಕಣ್ಣಿನ ಎಳೆತ ಎಲ್ಲೋ ಹೋಗಿತ್ತು. ನಾಳೆ ಏನು ಓದಬೇಕೆಂದು ಯಾರೂ ಹೇಳದೆಯೇ ಅವಳಿಗೆ ತಿಳಿದಿತ್ತು. ಓದಬೇಕಲ್ಲಪ್ಪಾ ಎಂಬ ಭಾರವೂ ಇರಲಿಲ್ಲ. ಬಾಕಿ ಬಿಟ್ಟು ಬಂದ ಕೆಲಸದ ಕಡೆಗೆ ಮನಸ್ಸು ಹೋಗುವ ಹಾಗೆ ಹೋಗುತ್ತಿತ್ತು, ಅಷ್ಟೆ. ಇಪ್ಪತ್ತೆರಡು ವರ್ಷ ಕೈಯಲ್ಲೇ ಇದ್ದ ವಿದ್ಯೆ, ಅದನ್ನು ಮನೆಗೆ ತರಬಹುದೆಂದು ಅನ್ನಿಸಿರಲೇ ಇಲ್ಲ. ಎಷ್ಟೋ ದಿನಗಳ ನಂತರ ಅವಳು ಉಸಿರನ್ನು ಪೂರ್ತಿ ಹೊರಗೆ ಬಿಟ್ಟಳು.

ಐದಕ್ಕೆ ಸರಿಯಾಗಿ ಕರೆಗಂಟೆ ಹೊಡೆಯಿತು. ಲೆಕ್ಕದ ಟೀಚರು ಬಗಲಲ್ಲಿ ಹದಿನಾಲ್ಕು ನೋಟ್‌ಬುಕ್ ಇಟ್ಟುಕೊಂಡೇ ಬಂದರು. ಇವಳದನ್ನು ನಿಂತಲ್ಲೇ ತೆರೆದರು. ಹಾಳೆಗಳು ಸರಸರ ಹೊರಳಿದವು.

"ಖಾಲಿ... ಖಾಲಿ... ಏನಮ್ಮಾ ಇದು? ನಲವತ್ತಾರು ದಿನ!" ಆಮೇಲೆ ಹಾಳೆ ನಿಂತಿತು. "ಬೆಡ್ ಒಂಬತ್ತಾ?"

"ಅಕ್ಕ, ಅದು..."

"ಕಾಲಂ ಎಲ್ಲಿ? ದೇವರ ಗುಣ ಎಲ್ಲಿ ಬರ್ದಿದೀಯಾ?"

"ಓದಮ್ಮಾ ದೊಡ್ಡೋಳೆ, ಓದಿ ಆಮೇಲೆ ಮಾರ್ಕ್ಸ್ ಹಾಕು," ಎಂದರು ಅತ್ತೆ ಕಪ್ಪು ಕನ್ನಡಕದ ಹಿಂದಿನಿಂದ. "ನಿನ್ನ ಏಳು ಕಾಲಮ್ಮಲ್ಲಿ ನಂಗೆ ಯಾವತ್ತೂ ಇಷ್ಟು ಅರ್ಥ ಆಗಿರ್ಲಿಲ್ಲ."

ಅಕ್ಕ ಓದಿದರು. ಓದುತ್ತಾ ಕುರ್ಚಿ ಎಳೆದುಕೊಂಡು ಕೂತರು. ಕೆಂಪು ಪೆನ್ನು ತೆಗೆದವರು ಅದನ್ನು ಮೇಜಿನ ಮೇಲಿಟ್ಟು ಇನ್ನೊಮ್ಮೆ ಓದಿದರು.

"ಹಿಂದಿನಿಂದ ಬಂದ್ಲು," ಎಂದರು ಮೆಲ್ಲಗೆ. "ಇದರ ಮೇಲೆ ನಾನೇ ಎರಡು ಸಲ ಕೂಟದಲ್ಲಿ ಮಾತಾಡಿದೀನಿ. ಅವಳು ಒಬ್ಬಳೇ ಇದ್ದಿರಬಹುದು ಅಂತ ಅನ್ನಿಸೇ ಇರ್ಲಿಲ್ಲ ನೋಡು." ಕೆಂಪು ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ ಅವರೊಳಗಿನ ಟೀಚರು ಮರಳಿ ಬಂದರು. "ಇದನ್ನ ಎಲ್ಲರಿಗೂ ಮಾಡೋಣ. ಯಾರು, ಏನಾಗಿದೆ, ಇವತ್ತೇನಾಯ್ತು, ಬಾಕಿ ಏನು ಅಂತ ನಾಲ್ಕು ಸಾಲಿನ ಫಾರಂ ಅಚ್ಚು ಹಾಕಿಸ್ತೀನಿ, ಮುನ್ನೂರ ಅರವತ್ತೈದು ಹಾಳೆ. ನೀನು ಹಳೇದನ್ನ ದಿನಕ್ಕೆ ಎರಡರ ಹಾಗೆ ಮುಗಿಸಿದ್ರೆ ಇಪ್ಪತ್ಮೂರು ದಿನಕ್ಕೆ ಸರಿಹೋಗತ್ತೆ. ಏನಂತೀಯಾ?"

ಅವಳು ನಕ್ಕಳು. "ಟೀ ಕುಡೀರಿ ಅಕ್ಕ, ಬಿಸಿ ಮಾಡ್ತೀನಿ."

ಅಕ್ಕ ಟೀ ಕುಡಿದು, ನೋಟ್‌ಬುಕ್ಕನ್ನು ನಾಳೆಯ ಓದಿಗೆಂದು ಇವಳ ಹತ್ತಿರವೇ ಬಿಟ್ಟು, ಉಳಿದವುಗಳನ್ನು ಬಗಲಿಗೆ ಸೇರಿಸಿಕೊಂಡು ಹೋದರು. ಮೆಟ್ಟಿಲಿಳಿಯುವಾಗಲೂ ಅಚ್ಚಿನ ಮಾತೇ ಆಡುತ್ತಿದ್ದರು.

ಲೋಟಗಳನ್ನು ತೊಳೆಯುತ್ತಾ ಅವಳು ಯೋಚಿಸಿದಳು. ವಾರ್ಡಿನಲ್ಲಿ ಹೋದ ತಿಂಗಳು ಬರೆಯದೆ ಬಿಟ್ಟ ಡ್ಯೂಟಿಯನ್ನು ಈಗ ಕೂತು ತುಂಬಿಸಿದರೆ ಅದು ಸುಳ್ಳು ಬರಹ. ಡ್ಯೂಟಿಗೆ ಬಂದವರು ಇವತ್ತಿನ ರೋಗಿಯಿಂದ ಶುರು ಮಾಡುತ್ತಾರೆ. ನಲವತ್ತಾರು ಪುಟಗಳನ್ನು ಅವಳು ತುಂಬಿಸುವುದಿಲ್ಲ. ಅಕ್ಕ ಕೊಡುವ ಹೊಸ ಫಾರಂ ಪ್ರೀತಿಯಿಂದ ಇಸಿದುಕೊಂಡು ಕಪಾಟಿನಲ್ಲಿಡುತ್ತಾಳೆ. ರಾತ್ರಿ ಪಾಳಿ ಬಂದ ವಾರ ಒಂದೆರಡು ದಿನ ತಪ್ಪಿದರೂ ಬಾಕಿಯ ಸಾಲು ಎಲ್ಲಿತ್ತೋ ಅಲ್ಲಿಗೇ ಮರಳುತ್ತಾಳೆ. ಚಾರ್ಟಿನಲ್ಲಿ ನಾಳೆಗೆ ಏನಿದ್ದರೂ ಇರಲಿ, ಆ ಅಪ್ಪನ ಜೊತೆ ಹುಡುಗಿಯ ಮನೆಯವರೆಗೆ ಹೋಗಬೇಕು. ಒಂದು ದಿನಕ್ಕೆ ಮುಗಿಯದಿದ್ದರೆ ಮೂರು ದಿನ ಅಲ್ಲೇ ಇರಬೇಕು.

"ಒಬ್ಬಳೇ ಏನೇ ಗುನುಗ್ತಿದೀಯಾ?" ಅತ್ತೆ ಒಳಗಿನಿಂದ ಕೇಳಿದರು.

"ಏನಿಲ್ಲ ಅತ್ತೆ," ಎಂದು ಅವಳು ಲೋಟಗಳನ್ನು ಬೋರಲು ಹಾಕಿ ಕೈ ಒರೆಸಿಕೊಂಡಳು.