ಶ್ರೀಶನ ಕ್ಲಬ್, ವಿನಯಾಳ ಬಾವುಟ

ರಾಷ್ಟ್ರೀಯ ಫುಟ್‌ಬಾಲ್ ಕಪ್ ಫೈನಲ್‌ಗೆ ಲೈನ್ ರೆಫರಿಯಾಗಿ ಆಯ್ಕೆಯಾದ ಸುದ್ದಿ ಬಂದಾಗ ವಿನಯಾ ಹೊಸನಗರದ ಹೈಸ್ಕೂಲ್ ಮೈದಾನದಲ್ಲಿ ಹುಡುಗಿಯರಿಗೆ ಕೊಕ್ಕೊ ಆಡಿಸುತ್ತಿದ್ದಳು. ಅವಳು ಅಲ್ಲಿ ಪಿ.ಟಿ. ಟೀಚರ್. ಮೊದಲ ಫೋನು ಮಾಡಿದ್ದು ಸಾಗರದಲ್ಲಿದ್ದ ಅಣ್ಣ ಶ್ರೀಶನಿಗೆ.

"ಯಾವ್ಯಾವ ಟೀಮು?" ಎಂದ ಅವನು.

"ಗಂಗಾ ಯೂನಿಯನ್. ಮತ್ತೆ ನಿನ್ನ ಹೌರಾ ರೋವರ್ಸ್."



ಶ್ರೀಶ ಪ್ರಾಯದಲ್ಲಿ ಕೋಲ್ಕತ್ತದ ಅಡಿಕೆ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕಿದ್ದವನು. ಅಲ್ಲಿ ಹತ್ತಿದ ರೋವರ್ಸ್ ಹುಚ್ಚು ಊರಿಗೆ ಬಂದ ಮೇಲೂ ಇಳಿಯಲಿಲ್ಲ. ರೋವರ್ಸ್ ಸೋತ ದಿನ ಅವನು ಯಾರ ಹತ್ತಿರವೂ ನೆಟ್ಟಗೆ ಮಾತಾಡುತ್ತಿರಲಿಲ್ಲ. ಗಂಗಾ ಯೂನಿಯನ್ ಕೈಯಲ್ಲಿ ಸೋತರಂತೂ ಮನೆಯವರೇ ದೂರ ಉಳಿಯುತ್ತಿದ್ದರು. ತಂಗಿಗೆ ಫುಟ್‌ಬಾಲ್ ಕಲಿಸಿದವನೂ ಅವನೇ. ಮೊಣಕಾಲು ಕೈಕೊಟ್ಟು ಅವಳ ಆಟ ನಿಂತಾಗ ರೆಫರಿ ಪರೀಕ್ಷೆಗೆ ಕೂರು ಎಂದವನೂ ಅವನೇ.

"ಫೈನಲ್ ಮುಗಿಯವರೆಗೆ ನಂಗೆ ಫೋನ್ ಮಾಡಡ ಅಣ್ಣ," ಎಂದಳು ವಿನಯಾ.

"ಮಾಡ್ತಿಲ್ಲೆ," ಎಂದ. ಮಾಡಲೂ ಇಲ್ಲ.

ಪಂದ್ಯ ಕೋಲ್ಕತ್ತದಲ್ಲೇ. ಗ್ಯಾಲರಿಯ ಮುಕ್ಕಾಲು ಪಾಲು ರೋವರ್ಸ್ ಜನ. ಮೊದಲ ಗೋಲು ಗಂಗಾ ಯೂನಿಯನ್‌ನದು. ಅದಾದ ಮೇಲೆ ರೋವರ್ಸ್ ಬಿಡದೆ ದಾಳಿ ಮಾಡಿತು. ದ್ವಿತೀಯಾರ್ಧದಲ್ಲಿ ಆ ದಾಳಿಯೆಲ್ಲ ವಿನಯಾ ನಿಂತ ಕಡೆಗೇ ಬಂತು. ಗಂಗಾದ ಕೊನೆಯ ರಕ್ಷಕ ಎಲ್ಲಿ ಸರಿದರೆ ಅಲ್ಲಿಗೆ ಅವಳೂ ಅಡ್ಡಡ್ಡ ಓಡುತ್ತ ಸರಿಯಬೇಕು. ಬೆನ್ನ ಹಿಂದಿನ ಕೂಗಿಗೆ ಕಿವಿ ಕಿವುಡಾದಂತಾಗಿತ್ತು.

ಆಟ ಇನ್ನೇನು ಮುಗಿಯಬೇಕು, ಆಗ ಮಧ್ಯದಿಂದ ಉದ್ದನೆಯ ಪಾಸ್ ಬಂತು. ರೋವರ್ಸ್‌ನ ಒಂಬತ್ತನೇ ನಂಬರಿನವನು ಒಂದೇ ಓಟಕ್ಕೆ ನುಗ್ಗಿ ಚೆಂಡನ್ನು ಬಲೆಗೆ ಹೊಡೆದ. ಇಡೀ ಸ್ಟೇಡಿಯಂ ಎದ್ದು ನಿಂತಿತು.

ವಿನಯಾ ಬಾವುಟ ಎತ್ತಿ ನಿಂತಿದ್ದಳು. ಆಫ್‌ಸೈಡ್.

ಕೂಗು ಒಮ್ಮೆಲೇ ಬೈಗುಳವಾಯಿತು. ನೀರಿನ ಬಾಟಲಿಗಳು ಅವಳ ಹಿಂದೆ ಬಿದ್ದವು. ಆಟಗಾರರು ಸುತ್ತುವರಿದರು. ರೆಫರಿ ಅವರನ್ನು ಸರಿಸಿ ಹತ್ತಿರ ಬಂದು, "ಖಚಿತವಾ?" ಎಂದರು.

"ಖಚಿತ ಸರ್. ಪಾಸ್ ಕೊಡುವಾಗಲೇ ಒಂಬತ್ತು ರಕ್ಷಕನಿಗಿಂತ ಮುಂದಿದ್ದ."

ರೆಫರಿ ಸೀಟಿ ಊದಿದರು. ಗೋಲು ರದ್ದಾಯಿತು.

ಆ ಹೊತ್ತಿಗೆ ಸಾಗರದಲ್ಲಿ ಶ್ರೀಶ ಕುರ್ಚಿಯಿಂದ ಜಿಗಿದವನು ಹಾಗೇ ನಿಂತುಬಿಟ್ಟಿದ್ದ. ಟಿವಿ ನೋಡಲು ಬಂದಿದ್ದ ಪಕ್ಕದ ಮನೆಯ ತಿಮ್ಮಣ್ಣ, "ಲೈನಲ್ಲಿ ನಿಂತೋಳಿಗೆ ಕಣ್ಣು ಕಾಣಲ್ವೇನ್ರೀ," ಎಂದವನು ವಿನಯಾಳ ತಾಯಿ ವನಮಾಲಾ ಅವರ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ವನಮಾಲಾಗೆ ಆಟ ಅರ್ಥವಾಗುತ್ತಿರಲಿಲ್ಲ. "ತಮಾ, ಕೂಸಿಗೆ ಎಂತಕ್ಕೆ ಎಲ್ಲ ಬೈತಾ ಇದ್ದ?" ಎಂದು ಮಗನನ್ನು ಕೇಳಿದರು.

"ತಡಿ ಅಮ್ಮ. ಮತ್ತೊಂದ್ಸಲ ತೋರಿಸ್ತ."

ಪರದೆಯ ಮೇಲೆ ಪಾಸ್ ಕೊಟ್ಟ ಕ್ಷಣ ನಿಂತಿತು. ಶ್ರೀಶ ಟಿವಿಯ ಹತ್ತಿರ ಹೋಗಿ ಬಗ್ಗಿ ನೋಡಿದ. ಒಂಬತ್ತನೆಯವನ ಮೊಣಕಾಲು ರಕ್ಷಕನಿಗಿಂತ ಒಂದು ಗೇಣು ಮುಂದಿತ್ತು. ಅಷ್ಟು ಜನರ ನಡುವೆ, ಅಷ್ಟು ವೇಗದಲ್ಲಿ, ಬರಿಗಣ್ಣಿಗೆ ಅದು ಕಂಡಿತ್ತು ತಂಗಿಗೆ. ಅವನ ಕಣ್ಣು ಒದ್ದೆಯಾಯಿತು.

"ಕೂಸು ಹೇಳಿದ್ದೇ ಸರಿ ಅಮ್ಮ," ಎಂದ. "ಅವ ಮುಂದೆ ನಿಂತಿದ್ದ. ಹಂಗೆ ನಿಂತು ಹೊಡೆದ ಗೋಲು ಲೆಕ್ಕಕ್ಕಿಲ್ಲೆ."

ಅಷ್ಟರಲ್ಲಿ ಟಿವಿಯಲ್ಲಿ ಆಟ ಮುಗಿದ ಸೀಟಿ ಕೇಳಿಸಿತು.

"ಹಂಗಾದ್ರೆ ನಿನ್ನ ಟೀಮು?"

"ಸೋತು ಹೋತು," ಎಂದು ಶ್ರೀಶ ಚಪ್ಪಾಳೆ ತಟ್ಟತೊಡಗಿದ. ರೋವರ್ಸ್ ಸೋತಾಗ ಅವನು ಚಪ್ಪಾಳೆ ಹೊಡೆದದ್ದನ್ನು ತಿಮ್ಮಣ್ಣ ಅವತ್ತೇ ಮೊದಲು ಕಂಡದ್ದು. ಅವನೂ ತಟ್ಟಿದ.

ಪದಕ ಕೊಡುವಾಗ ರೆಫರಿಗಳನ್ನೂ ವೇದಿಕೆಗೆ ಕರೆದರು. ಅಷ್ಟರಲ್ಲಿ ಸ್ಟೇಡಿಯಂನ ದೊಡ್ಡ ಪರದೆಯಲ್ಲೂ ಅದೇ ಚಿತ್ರ ಬಂದಿತ್ತು. ವಿನಯಾ ಮೆಟ್ಟಿಲು ಹತ್ತುವಾಗ ಗಂಗಾದವರ ಕಡೆಯಿಂದ ಚಪ್ಪಾಳೆ ಬಂತು. ರೋವರ್ಸ್ ಗ್ಯಾಲರಿಯಲ್ಲಿ ಕೆಲವರು ಸುಮ್ಮನೆ ಕುಳಿತಿದ್ದರು, ಕೆಲವರು ಎದ್ದು ನಿಂತರು. ಕೆಳಗಿಳಿದಾಗ ಆ ಒಂಬತ್ತನೆಯವನೇ ಬಂದು ಕೈಕುಲುಕಿದ.

ಡ್ರೆಸ್ಸಿಂಗ್ ರೂಮಿನಲ್ಲಿ ಫೋನು ಹೊಡೆದುಕೊಂಡಿತು. ಶ್ರೀಶನ ಹೆಸರು ಕಂಡು ಅವಳು ಒಂದು ಗಳಿಗೆ ತಡೆದಳು.

"ಅಣ್ಣ, ಬೇಜಾರಾಯ್ದಾ?"

"ಕಪ್ಪು ಹೋತು, ಬೇಜಾರಿಲ್ದೆ ಇರ್ತಾ? ಆದ್ರೆ ನೀನು ನನ್ನ ಮುಖ ನೋಡಿ ಬಾವುಟ ಇಳಿಸಿದ್ದಿದ್ರೆ ಜನ್ಮದಲ್ಲಿ ಮಾತಾಡ್ತಿರ್ಲೆ."

ವಿನಯಾ ನಕ್ಕಳು. ನಗುತ್ತಲೇ ಅತ್ತಳು.

ಅವಳು ಆನಂದಪುರದಲ್ಲಿ ರೈಲಿಳಿದಾಗ ಹೊಸನಗರದಿಂದ ವ್ಯಾನು ತುಂಬ ಅವಳ ಹುಡುಗಿಯರು ಬಂದಿದ್ದರು. ಸಾಗರದಿಂದ ಶ್ರೀಶನ ಜೊತೆ ಬಂದಿದ್ದ ವನಮಾಲಾ ಮಗಳ ಕೆನ್ನೆ ಸವರಿದರು. ಹುಡುಗಿಯರು ಅವಳನ್ನು ಎತ್ತಲು ಹೋಗಿ ಆಗದೆ, ಕೊನೆಗೆ ಶ್ರೀಶನೂ ಕೈಜೋಡಿಸಿದ ಮೇಲೆ ಹೆಗಲಿಗೇರಿಸಿದರು.

"ಮಿಸ್, ಅಷ್ಟು ಜನ ಬೈವಾಗ ಹೆದ್ರಿಕೆ ಆಗ್ಲಿಲ್ವಾ?" ಎಂದಳು ಒಬ್ಬಳು.

"ಕಾಲು ನಡುಗ್ತಿತ್ತು ಮಾರಾಯ್ತಿ. ಕೈ ಮಾತ್ರ ಇಳಿಸ್ಲಿಲ್ಲ."

ಹೊಸನಗರದವರೆಗೂ ವ್ಯಾನಿನಲ್ಲಿ ಹಾಡು, ಕೇಕೆ ನಿಲ್ಲಲಿಲ್ಲ. ಪೇಟೆಯಲ್ಲಿ ಅಂಗಡಿಯವರು ಎದ್ದು ಹೊರಗೆ ಬಂದು ಕೈಬೀಸಿದರು.